ಮುಂದಿನವನ ಧೂಳು

ಯರಗಟ್ಟಿ ದಾಟಿ ಗೋಕಾಕದ ದಾರಿ ಹಿಡಿದ ಮೇಲೆ ನಮ್ಮ ಬಸ್ಸಿಗೆ ಕಬ್ಬಿನ ಟ್ರ್ಯಾಕ್ಟರೊಂದು ಅಡ್ಡವಾಯಿತು. ಟ್ರ್ಯಾಕ್ಟರೆಂಬುದು ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಒಂದರ ಹಿಂದೆ ಒಂದು ಎರಡು ಟ್ರೇಲರು, ಎರಡೂ ಬದಿಗೆ ಚಾಚಿಕೊಂಡ ಕಬ್ಬು, ರಸ್ತೆಯ ಮುಕ್ಕಾಲು ಪಾಲು ನುಂಗಿ ಓಲಾಡುತ್ತ ಹೊರಟ ಹಸಿರು ಗೋಡೆ ಅಷ್ಟೇ. ಗೋಡೆಯ ಆಚೆಯಿಂದ ಜಾನಪದ ಹಾಡೊಂದು ಕಿವಿ ಗಡಚಿಕ್ಕುವಂತೆ ಬಡಿಯುತ್ತಿತ್ತು. ಕಾರ್ಖಾನೆಗಳು ಕಬ್ಬು ನುರಿಸುವ ತಿಂಗಳುಗಳಲ್ಲಿ ಈ ಸೀಮೆಯ ರಸ್ತೆಗಳ ಪಾಡೇ ಇದು. ಗೋಕಾಕ, ಮೂಡಲಗಿ, ಹುಕ್ಕೇರಿ ಯಾವ ಕಡೆ ಹೋದರೂ ಟ್ರೇಲರಿನ ಬೆನ್ನು ನೋಡುತ್ತಲೇ ಹೋಗಬೇಕು.

ಚಾಲಕನ ಹಿಂದಿನ ಸೀಟಿನಲ್ಲಿ ಕೂತವನಿಗೆ ಬೆರಗಾದದ್ದು ಆತ ಮಾಡಿದ ಮೊದಲ ಕೆಲಸ. ಟ್ರೇಲರನ್ನು ದಾಟಬೇಕಾದ ಮನುಷ್ಯ ಬಸ್ಸನ್ನು ಹಿಂದಕ್ಕೆ ಬಿಟ್ಟ. ಹತ್ತು ಮಾರು, ಇಪ್ಪತ್ತು ಮಾರು, ಇನ್ನೂ ಹಿಂದಕ್ಕೆ. ಹಾರ್ನ್ ಇಲ್ಲ, ಅವಸರವಿಲ್ಲ. ರಸ್ತೆ ಎಡಕ್ಕೆ ಒಂದಿಷ್ಟು ಬಾಗಿ, ಕಬ್ಬಿನ ಆಚೆಯ ದಾರಿ ಅರೆಗಳಿಗೆ ಕಂಡಿತು ನೋಡಿ, ಆಗಲೇ ಬಸ್ಸು ಓಟ ಕೂಡಿಸಿಕೊಳ್ಳತೊಡಗಿತು. ಟ್ರೇಲರಿನ ಹತ್ತಿರ ಬರುವ ಹೊತ್ತಿಗೆ ನಮ್ಮ ವೇಗ ಅದರ ಎರಡರಷ್ಟಾಗಿತ್ತು. ಕಬ್ಬಿನ ಗರಿಗಳು ಕಿಟಕಿಯ ಸರಳಿಗೆ ಸರಸರ ಉಜ್ಜಿದವು, ಹಾಡು ಒಮ್ಮೆ ಕಿವಿಯೊಳಗೇ ಕೂಗಿ ಹಿಂದೆ ಉಳಿಯಿತು. ನನ್ನ ಮುಖ ನೋಡಿದ ಚಾಲಕ, ಕನ್ನಡಿಯಲ್ಲೇ ನಕ್ಕು ಅಂದ: "ಬೆನ್ನಿಗೆ ಅಂಟಿಕೊಂಡ್ರ ಏನೂ ಕಾಣೂದಿಲ್ರಿ ಸರ್. ಗಾಡಿನೂ ಏಳೂದಿಲ್ಲ."

ಗೋಕಾಕದಲ್ಲಿ ಇಳಿದು ಕರದಂಟು ಕಟ್ಟಿಸಿಕೊಂಡೆ. ಬರಿಗೈಲಿ ಯಾರ ಮನೆಗೆ ಹೋಗುವುದು? ಫಾಲ್ಸಿನ ಕಡೆಗೂ ಒಂದು ಸುತ್ತು ಹೋಗಿ ಬಂದೆ. ಮಳೆಗಾಲದಲ್ಲಿ 52 ಮೀಟರ್ ಎತ್ತರದಿಂದ ಕೆಂಪಗೆ ಧುಮುಕುವ ಘಟಪ್ರಭೆ, ಸಂಕ್ರಾಂತಿ ಕಳೆದ ಈ ದಿನಗಳಲ್ಲಿ ಬಂಡೆಯ ಮೇಲೆ ಎಳೆ ಎಳೆಯಾಗಿ ಇಳಿಯುತ್ತಿತ್ತು. ಇದೇ ನೀರಿನಿಂದ 1887ರಷ್ಟು ಹಿಂದೆಯೇ ಇಲ್ಲಿಯ ನೂಲಿನ ಗಿರಣಿಗೆ ವಿದ್ಯುತ್ ತೆಗೆದಿದ್ದರು ಎಂಬುದು ಎಷ್ಟು ಸಲ ಕೇಳಿದರೂ ನಂಬಲು ಒಂದು ಗಳಿಗೆ ಬೇಕಾಗುವ ಮಾತು. ಆದರೆ ನಾನು ಬಂದದ್ದು ಜಲಪಾತಕ್ಕಲ್ಲ. ಹೊಳೆಗುಂಟ ಇನ್ನೂ ಕೆಳಗೆ, ಮೇಲವಂಕಿಯಲ್ಲಿ, ಧಾರವಾಡದ ಕಾಲೇಜು ದಿನಗಳ ನನ್ನ ಗೆಳೆಯ ಒಕ್ಕಲುತನ ಮಾಡಿಕೊಂಡಿದ್ದಾನೆ. "ಹೊಳಿ ಆಚಿ ಊರಾಗ ಜಾತ್ರಿ ಐತಿ. ಗಾಡಿ ಶರ್ಯತ್ತು ಇಟ್ಟಾರ. ಬಾ," ಎಂದು ಫೋನು ಮಾಡಿದ್ದ. ಎತ್ತಿನ ಗಾಡಿ ಓಟದ ಈ ಶರ್ಯತ್ತನ್ನು ನಾನು ಅಲ್ಲಿಯವರೆಗೆ ಕಂಡದ್ದು ವಿಡಿಯೋಗಳಲ್ಲಿ ಮಾತ್ರ.

ಸಂಜೆ ಊರು ಮುಟ್ಟಿದಾಗ ಬಿಳಿಜೋಳದ ತೆನೆಗಳ ಮೇಲೆ ಬಿಸಿಲು ವಾಲಿತ್ತು. ಹೊಳೆಯ ಕಡೆಗೆ ಕಪ್ಪು ಎರೆ, ಅದರ ತುಂಬ ಕಬ್ಬು. ಊರೊಳಗಿನ ಕಟ್ಟೆಯ ಮೇಲೆ ಐದಾರು ಹುಡುಗರು ತಲೆಗೆ ತಲೆ ಹಚ್ಚಿ ಕುಳಿತಿದ್ದರು. ನಡುವೆ ಒಂದು ಮೊಬೈಲು. ಅಡ್ಡ ಹಿಡಿದ ಆ ಮೊಬೈಲನ್ನು ಆಡಿಸುತ್ತಿದ್ದವನು ನನ್ನ ಗೆಳೆಯನ ಮಗನೇ. ಪಿಯುಸಿ ಓದುವ ಹುಡುಗ. ಪರದೆಯಲ್ಲಿ ಆಸ್ಫಾಲ್ಟ್ ಆಟ. ಎಂಟು ಕಾರು, ಎಂಟನ್ನೂ ಜಗತ್ತಿನ ಎಲ್ಲೆಲ್ಲೋ ಕೂತ ಎಂಟು ಜನ ಓಡಿಸುವವರು. ನೀಲಿ ಸೀಸೆಗಳನ್ನು ನುಂಗುತ್ತ, ತಿರುವಿನಲ್ಲಿ ಅಡ್ಡ ಜಾರುತ್ತ ನೈಟ್ರೋ ತುಂಬಿಕೊಳ್ಳುವುದು, ತುಂಬಿದ್ದನ್ನು ಸರಿಯಾದ ಗಳಿಗೆಗೆ ಸುರಿಯುವುದು.

ನಾನು ಬಗ್ಗಿ ನೋಡಿದೆ. ಹುಡುಗ ಎರಡನೆಯ ಜಾಗದಲ್ಲಿದ್ದ. ನೈಟ್ರೋ ತುಂಬಿತ್ತು. ಮುಂದಿನ ಕಾರು ಕೈಗೆಟಕುವಷ್ಟು ಹತ್ತಿರ. ದಾಟಲಿಲ್ಲ. ಇನ್ನೊಂದು ತಿರುವು ಹೋಯಿತು, ಆಗಲೂ ದಾಟಲಿಲ್ಲ. ಅವನ ಸಂಗಡಿಗರೂ ಸುಮ್ಮನೆ ಕೂತಿದ್ದರು. ನನಗೇ ತಡೆಯಲಾಗದೆ "ಒತ್ತೋ!" ಎಂದೆ.

"ತಡೀರಿ ಕಾಕಾ. ಅಂವಾ ಇನ್ನೂ ಹೆದರಿಲ್ಲ."

ಆ ಮಾತಿಗೆ ನಾನು ನಿಜಕ್ಕೂ ಮೂಕನಾದೆ. ಅಷ್ಟರಲ್ಲಿ ಹುಡುಗ ತನ್ನ ಕಾರಿನ ಮೂತಿಯನ್ನು ಬಲಕ್ಕೆ ತೋರಿಸಿದ. ಮುಂದಿನವನು ಬಲವನ್ನು ಮುಚ್ಚಿದ. ಹುಡುಗ ಒಳಕ್ಕೆ ಸರಿದು ಮತ್ತೆ ತೋರಿಸಿದ, ಮತ್ತೆ ಮುಚ್ಚಿದ. ಮೂರನೆಯ ಸಲ ತಿರುವಿನ ಬಾಯಿಗೆ ಹಾಗೆಯೇ ಬಲವನ್ನು ಮುಚ್ಚಲು ಹೋದ ಆ ಅಪರಿಚಿತ, ತಿರುವಿಗೆ ಬೇಕಾದ ದಾರಿಯನ್ನೇ ಕಳೆದುಕೊಂಡು ಹೊರಗೋಡೆಗೆ ತಿಕ್ಕಿದ. ಹುಡುಗ ಎಡದಿಂದ, ಯಾವ ಗಡಿಬಿಡಿಯೂ ಇಲ್ಲದೆ ದಾಟಿ, ಆಗ ನೈಟ್ರೋ ಒತ್ತಿದ. ಕೂಡಿಟ್ಟ ನೈಟ್ರೋ ಅವನನ್ನು ದಾಟಿಸಲಿಕ್ಕೆ ಇರಲೇ ಇಲ್ಲ. ದಾಟಿದ ಮೇಲೆ ಸೋತವನು ಮತ್ತೆ ಬೆನ್ನಿಗೆ ಹತ್ತದಂತೆ ದೂರ ಹೋಗಲಿಕ್ಕೆ ಇತ್ತು.

ಆ ರಾತ್ರಿ ಊಟಕ್ಕೆ ಜೋಳದ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ. ಊಟದ ನಡುವೆಯೂ ನಾನು ಹುಡುಗನನ್ನು ಬಿಡಲಿಲ್ಲ. ಅವನ ವಿದ್ಯೆ ದೊಡ್ಡದಿತ್ತು. ಮುಂದಿನ ಕಾರಿನ ಬೆನ್ನಿಗೆ ಸರಿಯಾಗಿ ಹೋದರೆ ಗಾಳಿಯ ತಡೆ ಕಡಿಮೆ. ಗಾಳಿಯನ್ನು ಸೀಳುವ ದುಡಿಮೆ ಮುಂದಿನವನದು, ಹಿಂದಿನವನು ಬಿಟ್ಟಿ ಓಡುತ್ತಾನೆ. ನಿಜವಾದ ರೇಸಿನಲ್ಲಿಯೂ ಇದೇ ನಿಯಮ, ಕೆಲವು ಆಟಗಳಲ್ಲಿ ಇದನ್ನು ಇನ್ನಷ್ಟು ಹಿಗ್ಗಿಸಿ ಇಟ್ಟಿರುತ್ತಾರೆ. ಯಾರಾದರೂ ತಿರುವಿನ ಒಳಬದಿಗೆ ನುಗ್ಗಿ ತನ್ನನ್ನು ದಾಟಿದರೆ ಹುಡುಗ ಜಗಳಕ್ಕೆ ನಿಲ್ಲುವುದಿಲ್ಲ. ನುಗ್ಗಿದವನು ಆ ವೇಗಕ್ಕೆ ಹೊರಗೆ ಜಾರಲೇಬೇಕು. ಆಗ ಇವನು ಅಗಲವಾಗಿ ಹೋಗಿ, ತಿರುವು ಮುಗಿಯುವಲ್ಲಿ ಒಳಗೆ ಕತ್ತರಿಸಿ, ನೆಟ್ಟಗಿನ ದಾರಿಗೆ ಮೊದಲು ಬೀಳುತ್ತಾನೆ. "ತಿರುವಿನ ಬಾಯಾಗ ಮುಂದ ಇದ್ದಾಂವ ಗೆಲ್ಲೂದಿಲ್ರಿ. ತಿರುವಿಂದ ಹೊರಗ ಬರೂವಾಗ ಯಾರು ಜೋರ ಇರ್ತಾರ, ಅವರದ."

ನನ್ನ ಕಾಲದ ಆಟ ನೆನಪಾಯಿತು. ಧಾರವಾಡದಲ್ಲಿ ಕಂಪ್ಯೂಟರ್ ಕಲಿಯಲು ಹೋಗುತ್ತಿದ್ದ ಕೋಣೆಯಲ್ಲಿ ಮಾಸ್ತರರು ಹೊರಗೆ ಹೋದರೆ ಸಾಕು, ರೋಡ್ ರ‍್ಯಾಶ್ ಶುರು. ಪಕ್ಕದ ಬೈಕಿನವನನ್ನು ಒದ್ದು, ಸರಪಳಿಯಲ್ಲಿ ಬಾರಿಸಿ ಮುಂದೆ ಹೋಗುವ ಆ ಆಟದಲ್ಲಿ ಉಪಾಯ ಎಂಬುದು ಕಾಲಿನಲ್ಲಿತ್ತು. ಹುಡುಗನಿಗೆ ಹೇಳಿದೆ, ಬಿದ್ದು ಬಿದ್ದು ನಕ್ಕ.

ಆಟದ ಯಂತ್ರಗಳ ಕಥೆಯೂ ಅಷ್ಟೇ ಸೋಜಿಗದ್ದು. 1974ರಲ್ಲಿ ಅಟಾರಿ ಕಂಪನಿ ತಂದ ಗ್ರ್ಯಾನ್ ಟ್ರ್ಯಾಕ್ 10ರಲ್ಲಿ ದಾಟಲು ಯಾರೂ ಇರಲಿಲ್ಲ. ಒಂದೇ ಕಾರು, ಎದುರಾಳಿ ಗಡಿಯಾರ. 1982ರ ಪೋಲ್ ಪೊಸಿಷನ್‌ನಲ್ಲಿ ಜಪಾನಿನ ಫುಜಿ ಮೈದಾನ ಬಂತು, ಬೇರೆ ಕಾರುಗಳೂ ಬಂದವು, ತಾಗಿದರೆ ಸ್ಫೋಟ. 1986ರ ಔಟ್ ರನ್‌ನಲ್ಲಿ ಕೆಂಪು ಕಾರೊಂದು ಕಡಲ ದಂಡೆಯಲ್ಲಿ ಲಾರಿಗಳನ್ನೂ ಕಾರುಗಳನ್ನೂ ಸವರಿಕೊಂಡು ಹೋಗುತ್ತದೆ. ಆದರೆ ಆ ಲಾರಿಗಳಿಗೆ ನಾವು ಬರುತ್ತಿದ್ದೇವೆಂಬ ಅರಿವಿಲ್ಲ. ಹೆದರುವ, ಸಿಟ್ಟಾಗುವ, ಬಲವನ್ನು ಮುಚ್ಚುವ ಎದುರಾಳಿ ಬೇಕಿದ್ದರೆ ಎರಡನೆಯ ಮನುಷ್ಯನೇ ಬೇಕು. ಸೆಗಾ ಕಂಪನಿಯ ಡೇಟೋನಾ ಯುಎಸ್ಎ 1990ರ ದಶಕದ ನಡುವಿನಲ್ಲಿ ಎಂಟು ಯಂತ್ರಗಳನ್ನು ತಂತಿಯಲ್ಲಿ ಬೆಸೆದು ಎಂಟು ಮನುಷ್ಯರನ್ನು ಸಾಲಾಗಿ ಕೂರಿಸಿತು. ಪಕ್ಕದವನ ಬೈಗುಳ ಕಿವಿಗೆ ಬೀಳುವಷ್ಟು ಹತ್ತಿರ! ಮಾರಿಯೋ ಕಾರ್ಟ್ ಮಾಡಿದ್ದು ಇನ್ನೊಂದು ಕಿಡಿಗೇಡಿತನ. ಹಿಂದೆ ಬಿದ್ದವರಿಗೆ ಬಲವಾದ ಆಯುಧ, ಮುಂದಿದ್ದವನಿಗೆ ಬಾಳೆಹಣ್ಣಿನ ಸಿಪ್ಪೆ. 1996ರ ಮಾರಿಯೋ ಕಾರ್ಟ್ 64ರಲ್ಲಿ ಬಂದ ಮುಳ್ಳಿನ ನೀಲಿ ಚಿಪ್ಪು ಮೊದಲಿಗನನ್ನೇ ಹುಡುಕಿಕೊಂಡು ಹೋಗುತ್ತದೆ. ಹಾಗಾಗಿ ಬಲ್ಲವರು ಕೊನೆಯ ಸುತ್ತಿನವರೆಗೆ ಮೊದಲ ಜಾಗಕ್ಕೆ ಹೋಗಲು ಒಲ್ಲೆನೆನ್ನುತ್ತಾರೆ. ಇದು ನ್ಯಾಯವೇ ಎಂದು ಹುಡುಗನನ್ನು ಕೇಳಿದರೆ, "ಮಜಾ ಬರತೈತಿ," ಎಂದ. ನನಗೇನೋ ಅದು ನ್ಯಾಯವೆನ್ನಿಸಲಿಲ್ಲ. ಚೆನ್ನಾಗಿ ಓಡಿದ್ದೇ ತಪ್ಪಾಗುವ ಆಟ ಅದು.

ಬೆಳಿಗ್ಗೆ ಮಂಜಿನಲ್ಲಿ ಗೆಜ್ಜೆಯ ಸದ್ದು. ಹೊಲದ ದಾರಿಯಲ್ಲಿ ಒಬ್ಬ ಹಿರಿಯರು ಜೋಡೆತ್ತನ್ನು ನಡೆಸಿಕೊಂಡು ಬರುತ್ತಿದ್ದರು. ಕಿಲಾರಿ ಎತ್ತುಗಳು: ಬೂದಿ ಬೆರೆತ ಬಿಳುಪು, ಬೆನ್ನ ಕಡೆಗೆ ಬಾಗಿ ಮೇಲೆದ್ದ ಉದ್ದ ಕೊಂಬು, ಬಿಗಿದ ಹೊಟ್ಟೆ. ಉಳುವ ಎತ್ತಿನ ಗಂಭೀರ ಇವುಗಳಲ್ಲಿ ಇರಲಿಲ್ಲ. ನಿಂತಲ್ಲಿ ನಿಲ್ಲವು, ಕಿವಿ ಒಂದು ಗಳಿಗೆ ಸುಮ್ಮನಿರದು. ಗೆಳೆಯ ಪರಿಚಯಿಸಿದ. ಊರವರೆಲ್ಲ ಅವರನ್ನು ಅಜ್ಜ ಎನ್ನುತ್ತಿದ್ದುದರಿಂದ ನನಗೂ ಅಜ್ಜನೇ ಆದರು. ಪಕ್ಕದಲ್ಲಿ ಹುಡುಗ ನಿಂತಿದ್ದ. ನಾನು ರಾತ್ರಿಯ ಮಾತನ್ನೇ ಎತ್ತಿದೆ: ಶರ್ಯತ್ತಿನಲ್ಲಿ ಮುಂದಿನ ಗಾಡಿಯ ಬೆನ್ನಿಗೆ ಹೋದರೆ ಲಾಭವೇ?

ಅಜ್ಜ ನನ್ನನ್ನು ಒಮ್ಮೆ ನೋಡಿದರು. "ಬೆನ್ನಿಗಿ ಹ್ವಾದ್ರ ಧೂಳ ತಿನ್ನಬೇಕ್ರಿ. ಎತ್ತು ಧೂಳ ಕುಡದು ಎಷ್ಟೊತ್ತ ಓಡತಾವು?"

ಆಟದಲ್ಲಿ ಹಿಂದಿನವನಿಗೆ ಬಿಟ್ಟಿ ಗಾಳಿ, ಇಲ್ಲಿ ಹಿಂದಿನವನ ಪಾಲಿಗೆ ಧೂಳು! ಆದರೆ ಅಜ್ಜನ ಮಾತು ಅಲ್ಲಿಗೆ ಮುಗಿಯಲಿಲ್ಲ. ಮುಂದಿರುವ ಎತ್ತಿಗೆ ಇನ್ನೊಂದು ಕಷ್ಟವಿದೆಯಂತೆ. ಅದರ ಕಣ್ಣೆದುರು ಓಡಿಹೋಗುತ್ತಿರುವುದು ಏನೂ ಇಲ್ಲ. ಬರಿಯ ದಾರಿ. ಹಿಂದಿನ ಎತ್ತಿಗೋ ಮುಂದೊಂದು ಜೋಡಿ ಕಾಣುತ್ತಿರುತ್ತದೆ, ಅದನ್ನು ಕೂಡಿಕೊಳ್ಳಬೇಕೆಂಬ ಎಳೆತವೇ ಅದನ್ನು ಓಡಿಸುತ್ತದೆ. ಹಾಗಾಗಿ ಧೂಳು ಬಡಿಯದಷ್ಟು ದೂರ, ಎಳೆತ ಹರಿಯದಷ್ಟು ಹತ್ತಿರ, ಒಂದಿಷ್ಟು ಗಾಳಿಯ ಮೇಲುಬದಿಗೆ ಗಾಡಿ ಇಟ್ಟುಕೊಳ್ಳಬೇಕು. ಬಸ್ಸಿನ ಚಾಲಕ ಇಪ್ಪತ್ತು ಮಾರು ಹಿಂದೆ ಸರಿದದ್ದು ನನಗೆ ಆಗ ಇನ್ನೊಂದು ಸಲ ಅರ್ಥವಾಯಿತು.

ಮುಂದಿನ ಮಾತು ಇನ್ನೂ ವಿಚಿತ್ರ. ಹೆದರಿಸಬೇಕಾದದ್ದು ಯಾರನ್ನು ಎಂದು ಹುಡುಗ ಕೇಳಿದ.

"ಗಾಡಿ ಹೊಡಿಯಾಂವ ಹೆದರಿದ್ರ ಏನ ಉಪಯೋಗ ತಮ್ಮಾ? ಓಡೂದು ಅಂವಲ್ಲ. ಎತ್ತಿಗಿ ಗೊತ್ತಾಗಬೇಕು. ಅದೂ ತಡಾ ಮಾಡಿ ಗೊತ್ತಾಗಬೇಕು."

ದನಗಳ ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಅವು ತಲೆ ತಿರುಗಿಸದೆ ಸುತ್ತಲೂ 300 ಡಿಗ್ರಿಗೂ ಹೆಚ್ಚು ನೋಡಬಲ್ಲವು. ಕಾಣದೇ ಉಳಿಯುವುದು ನೇರ ಬೆನ್ನ ಹಿಂದಿನ ಒಂದು ಸಣ್ಣ ಪಟ್ಟಿ. ಪಶುವೈದ್ಯರ ಪುಸ್ತಕದಲ್ಲಿ ಇರುವ ಈ ಸಂಗತಿಯನ್ನು ಅಜ್ಜ ಕೈಯಲ್ಲಿ ಗಾಳಿಯ ಮೇಲೆ ಗೆರೆ ಎಳೆದು ತೋರಿಸಿದರು. ಆ ಪಟ್ಟಿಯಲ್ಲೇ ಇದ್ದು ಬರಬೇಕು. ಮುಂದಿನ ಎತ್ತಿಗೆ ಗಾಲಿಯ ಸದ್ದು ಕೇಳುತ್ತದೆ, ಏನೂ ಕಾಣುವುದಿಲ್ಲ. ಕಿವಿ ಹಿಂದಕ್ಕೆ ತಿರುಗುತ್ತದೆ, ಓಟದ ಲಯ ಕೆಡುತ್ತದೆ. ಕಿವಿ ತಿರುಗಿದ್ದು ಕಂಡ ಕೂಡಲೇ ಹೊರಗೆ ಹಾಯಬೇಕು. ಹಾಯ್ದ ಮೇಲೆ ಪಕ್ಕದಲ್ಲಿ ತಡೆಯಬಾರದು. ನಾಲ್ಕು ಎತ್ತು ಒಂದು ಸಾಲಿಗೆ ಬಂದು ಹತ್ತು ಹೆಜ್ಜೆ ಕೂಡಿ ಹಾಕಿದರೆ ಅವು ಒಂದೇ ಹಿಂಡಾಗಿಬಿಡುತ್ತವೆ. ಆಮೇಲೆ ಏನು ಮಾಡಿದರೂ ಯಾವುದೂ ಯಾವುದನ್ನೂ ಬಿಟ್ಟು ಹೋಗುವುದಿಲ್ಲ.

"ಹಂಗಾದ್ರ ನೈಟ್ರೋ ಇಲ್ಲೇ ಒತ್ತಬೇಕು," ಎಂದು ಹುಡುಗ ತನಗೆ ತಾನೇ ಹೇಳಿಕೊಂಡ. ರಾತ್ರಿ ಅವನು ಹೇಳಿದ್ದಕ್ಕೆ ಇದು ಉಲ್ಟಾ. ಅವನ ಮುಖ ನೋಡಬೇಕಿತ್ತು.

ಅಜ್ಜನಿಗೆ ನೈಟ್ರೋ ಗೊತ್ತಿಲ್ಲ. ಶರ್ಯತ್ತು ನಿಂತುಹೋಗಿದ್ದ ವರ್ಷಗಳು ಮಾತ್ರ ಚೆನ್ನಾಗಿ ಗೊತ್ತು. 2014ರ ಮೇ 7ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟಿನ ಜೊತೆಗೆ ಎತ್ತಿನ ಗಾಡಿ ಓಟವನ್ನೂ ನಿಲ್ಲಿಸಿತು. 2017ರಲ್ಲಿ ಕರ್ನಾಟಕ ಕಂಬಳಕ್ಕೂ ಗಾಡಿ ಓಟಕ್ಕೂ ದಾರಿ ಬಿಡುವ ತಿದ್ದುಪಡಿ ತಂದಿತು. ಕೊನೆಗೆ 2023ರ ಮೇ 18ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ನಡುವಿನ ಕಾಲದಲ್ಲಿ ಓಟದ ಎತ್ತು ಸಾಕುವುದು ಮನೆಮುರುಕ ಕೆಲಸವಾಗಿತ್ತಂತೆ. ಉಳುಮೆಗೆ ಇವು ಒಗ್ಗವು, ಹಿಂಡಿ ಹೊಟ್ಟು ತಿನ್ನುವುದನ್ನೇನೂ ಬಿಡವು.

ಮರುದಿನ ಹೊಳೆ ದಾಟಿ ಹೋದೆವು. ಊರ ಹೊರಗಿನ ಮಣ್ಣಿನ ದಾರಿಯ ಎರಡೂ ಕಡೆ ಜನ, ಗಿಡದ ಮೇಲೆ ಜನ, ನಿಲ್ಲಿಸಿದ ಟ್ರ್ಯಾಕ್ಟರುಗಳ ಬಾನೆಟ್ಟಿನ ಮೇಲೆ ಜನ. ಹಣೆಗೆ ಭಂಡಾರ, ಹೆಗಲಿಗೆ ಟವೆಲ್. ಗಿರ್ಮಿಟ್ಟು, ಮಿರ್ಚಿ, ಕಬ್ಬಿನ ಹಾಲು. ಮೈಕಿನಲ್ಲಿ ಬಹುಮಾನದ ಕೂಗು, ಅದರ ನಡುವೆ ಎತ್ತಿಗೆ ಹೊಡೆದವರ ಗಾಡಿ ಹೊರಗೆ ಎಂಬ ಎಚ್ಚರಿಕೆ. ದೂರದಲ್ಲಿ ಬಾವುಟ ಕಟ್ಟಿದ ಒಂದು ಡ್ರಮ್ಮು. ಅದನ್ನು ಸುತ್ತಿ ಹೊರಟಲ್ಲಿಗೇ ಬರಬೇಕು.

ಮೊದಲು ಓಡಿದ್ದು ಒಂದು ಕುದುರೆ, ಒಂದು ಎತ್ತು ಕಟ್ಟಿದ ಗಾಡಿಗಳು. ಒಂದೇ ನೊಗದಡಿ ಎರಡು ಬೇರೆ ಪ್ರಾಣಿ! ಕುದುರೆಯ ನೆಗೆತಕ್ಕೂ ಎತ್ತಿನ ದೌಡಿಗೂ ಲಯ ಕೂಡುವವರೆಗೆ ಗಾಡಿ ಎಡಕ್ಕೂ ಬಲಕ್ಕೂ ಎಳೆದಾಡುತ್ತದೆ. ಕೂಡಿತೋ, ನೆಲ ಬಿಟ್ಟು ಹೋದಂತೆ ಹೋಗುತ್ತದೆ. ನಾನು ಬಾಯಿ ತೆರೆದು ನಿಂತಿದ್ದೆ, ಧೂಳು ಒಳಗೆ ಹೋಗಿದ್ದು ಆಮೇಲೆ ಗೊತ್ತಾಯಿತು.

ಬಳಿಕ ಜೋಡೆತ್ತು. ಬಾವುಟ ಬೀಳುತ್ತಲೇ ಹಗುರ ಗಾಡಿಗಳು ಚಿಮ್ಮಿದವು. ಅಜ್ಜನ ಮೊಮ್ಮಗ ಗಾಡಿಯ ಮೇಲೆ ಅರ್ಧ ಕೂತು ಅರ್ಧ ನಿಂತು ಹೋದ. ನಾಲ್ಕನೆಯ ಜಾಗ. ಬೈಕುಗಳ ಮೇಲೆ ಹುಡುಗರು ಹೊಯ್ಯೆಂದು ಕೂಗುತ್ತ ಬೆನ್ನು ಹತ್ತಿದರು. ಮೊದಲ ಗಾಡಿಯವನ ಚಾಟಿ ಹೆಚ್ಚಾಗಿ ಗಾಳಿಯಲ್ಲೇ ಸಿಡಿಯುತ್ತಿತ್ತು, ಆದರೆ ಒಂದೆರಡು ಸಲ ಬೆನ್ನಿಗೂ ಬಿತ್ತು. ಮೈಕಿನವನು ಕಂಡೂ ಕಾಣದಂತಿದ್ದ. ಎಲ್ಲದರಲ್ಲೂ ಬೆರಗಾಗಿದ್ದ ನನಗೆ ಅದೊಂದು ಹಿಡಿಸಲಿಲ್ಲ, ಈಗಲೂ ಹಿಡಿಸಿಲ್ಲ.

ಗೆಳೆಯನ ಮಗ ನನ್ನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಹೊಲದ ಒಳದಾರಿಯಿಂದ ಡ್ರಮ್ಮಿನ ಬಳಿ ಹಾಕಿದ. ಅಲ್ಲಿ ಕಂಡದ್ದನ್ನು ಎಷ್ಟು ಬರೆದರೂ ಸಾಲದು. ಮುಂದಿನ ಎರಡು ಗಾಡಿ ಒಟ್ಟಿಗೆ ಬಂದವು. ಎರಡನೆಯವನು ಆಸೆಗೆ ಬಿದ್ದು ಡ್ರಮ್ಮಿಗೆ ಅಂಟಿಯೇ ಒಳಬದಿಗೆ ನುಗ್ಗಿದ. ಗಾಡಿ ಹೊರಳುವಾಗ ಒಳಗಿನ ಎತ್ತು ಹೆಚ್ಚುಕಡಿಮೆ ನಿಂತಲ್ಲೇ ತಿರುಗಬೇಕು, ಹೊರಗಿನದು ಓಡಬೇಕು. ಅಷ್ಟು ಇಕ್ಕಟ್ಟಿನಲ್ಲಿ ಒಳಗಿನ ಎತ್ತು ಕಾಲು ಊರಿಬಿಟ್ಟಿತು. ಅದು ನಿಂತದ್ದೇ, ಮೂರನೆಯವನಿಗೆ ದಾರಿ ಸಿಗದೆ ಅವನೂ ಲಗಾಮು ಎಳೆದ. ಅಜ್ಜನ ಮೊಮ್ಮಗ ಮಾತ್ರ ಮೊದಲೇ ಅಗಲಕ್ಕೆ ಬಿಟ್ಟಿದ್ದ. ಹೊಲದ ಅಂಚಿನವರೆಗೆ ಹೋಗಿ, ಎರಡೂ ಎತ್ತಿನ ದೌಡು ಮುರಿಯದಂತೆ ದೊಡ್ಡ ಸುತ್ತು ಹಾಕಿ, ನಿಂತ ಗಾಡಿಗಳ ಪಕ್ಕದಿಂದ ತುಂಬಿದ ವೇಗದಲ್ಲಿ ಹೊರಬಿದ್ದ. ಬೈಕಿನ ಮೇಲಿಂದ ಹುಡುಗ ನನ್ನ ತೊಡೆಗೆ ಬಾರಿಸಿದ. "ಕಾಕಾ! ಮೊನ್ನೆ ನಾ ಏನ ಹೇಳಿದ್ನಿ!"

ಈಗ ಮುಂದೆ ಒಂದೇ ಗಾಡಿ. ನಾವೂ ಒಳದಾರಿಯಿಂದ ಹಿಂಬಾಲಿಸಿದೆವು. ಮೊಮ್ಮಗ ಧೂಳಿನಿಂದ ಒಂದಿಷ್ಟು ಓರೆಗೆ ಇದ್ದವನು, ಕೊನೆಯ ನೆಟ್ಟಗಿನ ದಾರಿಗೆ ಬಂದಾಗ ಬೇಕೆಂದೇ ಧೂಳಿನೊಳಗೆ ಹೊಕ್ಕ. ಅಜ್ಜ ಗೆರೆ ಎಳೆದು ತೋರಿಸಿದ್ದ ಆ ಕಾಣದ ಪಟ್ಟಿ. ಮುಂದಿನ ಜೋಡಿಯ ಎಡದ ಎತ್ತಿನ ಕಿವಿ ಹಿಂದಕ್ಕೆ ಹೊರಳಿತು. ನನ್ನ ಕಣ್ಣಾರೆ ಕಂಡೆ! ಒಂದು ಹೆಜ್ಜೆ ತಪ್ಪಿತು, ಗಾಡಿ ಜೋಲಿ ಹೊಡೆಯಿತು. ಮೊಮ್ಮಗ ಹೊರಗೆ ಹಾಯ್ದ. ನೊಗಕ್ಕೆ ಗಾಲಿ, ಗಾಲಿಗೆ ಗಾಲಿ, ನೊಗಕ್ಕೆ ನೊಗ. ಜನರ ಕೂಗಿನಲ್ಲಿ ಮೈಕು ಮುಳುಗಿಹೋಯಿತು. ಇನ್ನೇನು ದಾಟಿದ ಎನ್ನುವಾಗ ನಾಲ್ಕು ಎತ್ತಿನ ಹೆಜ್ಜೆ ಕೂಡಿಕೊಂಡವು. ಎಂಟು ಕೊಂಬು ಒಂದೇ ಎತ್ತರಕ್ಕೆ ಏಳುತ್ತ ಇಳಿಯುತ್ತ, ಒಂದೇ ಹಿಂಡಾಗಿ, ಯಾರ ಮಾತೂ ಕೇಳದೆ ಗೆರೆ ದಾಟಿದವು. ಮುಂದಿನದಕ್ಕೆ ಒಂದು ಮೂತಿಯಷ್ಟು ಗೆಲುವು.

ಗೆದ್ದವರ ಕೊರಳಿಗೆ ಹಾರ ಬಿತ್ತು, ಗುಲಾಲು ಹಾರಿತು. ಆದರೆ ನೆರೆದ ರೈತರಲ್ಲಿ ಬಹಳಷ್ಟು ಮಂದಿ ಹಾರದ ಕಡೆ ಹೋಗದೆ ಅಜ್ಜನ ಎತ್ತುಗಳ ಸುತ್ತ ಸೇರಿದರು. ಮೊದಲಿನಿಂದ ಮೊದಲಿದ್ದ ಎತ್ತು ಹೇಗೆ ಓಡುತ್ತದೆಂಬುದು ಎಲ್ಲರಿಗೂ ಗೊತ್ತು. ನಾಲ್ಕರಿಂದ ಮೇಲೆ ಬಂದ ಎತ್ತನ್ನು ಮುಟ್ಟಿ ನೋಡಬೇಕಲ್ಲ. ಒಬ್ಬ ಗೊರಸು ನೋಡಿದ, ಒಬ್ಬ ಹಲ್ಲು ಎಣಿಸಿದ. ಹುಡುಗ ಅಜ್ಜನ ಬಳಿ ಹೋಗಿ, ಪಕ್ಕಕ್ಕೆ ಬಂದ ಮೇಲೆ ತಡವಾದದ್ದು ಎಲ್ಲಿ ಎಂದು ವಿಚಾರಿಸತೊಡಗಿದ; ಇಬ್ಬರೂ ಮಣ್ಣಿನ ಮೇಲೆ ಕಡ್ಡಿಯಿಂದ ಗೆರೆ ಎಳೆಯುತ್ತ ಕುಕ್ಕರುಗಾಲಲ್ಲಿ ಕೂತರು. ಹುಕ್ಕೇರಿ ಕಡೆಯವರೆಂದು ಹೇಳಿಕೊಂಡ ಒಬ್ಬರು ಎತ್ತಿನ ಬೆನ್ನು ಸವರಿ ಬೆಲೆ ಕೇಳಿದರು.

"ಇವು ಮಾರೂವು ಅಲ್ರಿ," ಎಂದರು ಅಜ್ಜ, ತಲೆ ಎತ್ತದೆ.

ಆ ಮನುಷ್ಯ ಸರಿ ಎಂದು ಹೊರಟ. ನಾಲ್ಕು ಹೆಜ್ಜೆ ಹೋಗಿರಬಹುದು.

"ಆದ್ರೂ, ಎಷ್ಟ ಕೊಡತಿದ್ರಿ?"